ಮುಂದಾಳಿನ ಅಂಗಾಲು

೨-೧೦-೯೭, ಗುರುವಾರ

ಚಂದ್ರಾ, ಹೇಗಿದ್ದೀಯ? ನಿಮ್ಮ ಯಜಮಾನರು ಮೃತ್ಯುಂಜಯನವರ ಕೆಮ್ಮು ಇಳಿಯಿತೇ? ಮೊಮ್ಮಗಳು ಲಾಸ್ಯಳಿಗೆ ಮುಂದಿನ ಹಲ್ಲು ಬಂತೇ, ಇಲ್ಲ ಇನ್ನೂ ಕಿಟಕಿ ತೆರೆದುಕೊಂಡೇ ನಗುತ್ತಾಳೋ? ನಿನ್ನ ಅಂಗಾಲಿನ ಉರಿ ತಾನಾಗಿಯೇ ನಿಂತುಹೋಯಿತು ಅಂತ ಬರೆದಿದ್ದೆ. ಓದಿ ಸಂತೋಷವಾಯಿತು. ಮಾದಪ್ಪ ದೊಡ್ಡವನು.

ಇಷ್ಟನ್ನು ಇನ್‌ಲ್ಯಾಂಡ್ ಲೆಟರಿನಲ್ಲೂ ಬರೆದು ಡಬ್ಬಕ್ಕೆ ಹಾಕಿಸಿದೆ. ಇವತ್ತು ಗಾಂಧಿ ಜಯಂತಿ, ನಾಳೆ ತೆಗೆಯುತ್ತಾರೆ. ಅರಸೀಕೆರೆಗೆ ಸೋಮವಾರ ಮುಟ್ಟೀತು. ಆ ನೀಲಿ ಕಾಗದದಲ್ಲಿ ಜಾಗ ಸಾಲದು. ಉಳಿದದ್ದು ಇಲ್ಲಿ, ಮಗ ಪ್ರಸಾದ ಹೂಟಗಳ್ಳಿ ಫ್ಯಾಕ್ಟರಿಯಿಂದ ತಂದುಕೊಟ್ಟ ಡೈರಿಯಲ್ಲಿ. ಇದನ್ನು ಯಾರಿಗೂ ಕಳಿಸುವುದಿಲ್ಲ. ಆದರೆ ಎದುರಿಗೆ ಒಬ್ಬರು ಕೂತಿಲ್ಲದೆ ನನಗೆ ಬರೆಯಲು ಬಾರದು. ಸ್ಕೂಲಿಗೆ ಹೋದವಳಲ್ಲ, ಚಿಕ್ಕಂದಿನಲ್ಲಿ ಪಕ್ಕ ಕೂತು ನಿನ್ನ ಸ್ಲೇಟು ಇಣುಕಿ ಕಲಿತವಳು. ಅದಕ್ಕೇ ನಿನ್ನ ಹೆಸರು.

ನಿನ್ನೆ ಮಹಾಲಯ ಅಮಾವಾಸ್ಯೆ. ಚಪ್ಪಲಿ ಬಿಟ್ಟೆ. ಎಂದಿನಂತೆ ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ. ಇನ್ನು ದೀಪಾವಳಿಗೆ ಮೈಸೂರಿಂದ ನಡೆದು ಮಾದಪ್ಪನ ಬೆಟ್ಟ ಮುಟ್ಟಿ ಬರುವ ತನಕ ಬರಿಗಾಲು — ಹಾಲಿಗೆ, ತರಕಾರಿಗೆ, ಎಲ್ಲಕ್ಕೂ. ನಮ್ಮ ಪಾದಯಾತ್ರೆ ತಂಡದ ಕ್ರಮ. ಅಂಗಾಲು ಹದವಾಗಬೇಕಲ್ಲ. ಮಲಗುವ ಮುಂಚೆ ಹರಳೆಣ್ಣೆ, ಅರಿಶಿನ. ವಾರಕ್ಕೊಮ್ಮೆ ಗೋರಂಟಿ.

ಈ ವರ್ಷ ಒಂದು ವಿಶೇಷ. ಬೇರೆ ವರ್ಷ ಮೊದಲ ದಿನಗಳಲ್ಲಿ ಜೀವ ಹೋಗುತ್ತಿತ್ತು. ಜಲ್ಲಿ ಸಿಕ್ಕರೆ ಕುಣಿಯುತ್ತಿದ್ದೆ. ಈ ಸಲ ಏನೂ ಇಲ್ಲ! ಬೀದಿ ಕೊನೆಯಲ್ಲಿ ಟಾರು ಹಾಕಲು ಸುರಿದ ಜಲ್ಲಿ ಮೇಲೆ ಬೇಕೆಂದೇ ನಡೆದೆ. ಜಮಖಾನದ ಮೇಲೆ ನಡೆದ ಹಾಗಿತ್ತು. ಸೊಸೆ ಮಧುಶ್ರೀ ಗೇಟಿನಲ್ಲಿ ನಿಂತು ಕಣ್ಣು ಬಿಟ್ಟಳು. ಇಷ್ಟು ವರ್ಷ ತುಳಿದದ್ದು ಈಗ ಫಲ ಕೊಟ್ಟಿದೆ.

ಗೆಜ್ಜೆ ಬೆತ್ತ ಕೆಳಗಿಳಿಸಿ ಎಣ್ಣೆ ಸವರಿದೆ. ನಿನಗೆ ಗೊತ್ತಲ್ಲ, ಅತ್ತೆ ಕೊಟ್ಟದ್ದು. ಅದು ಕೈಯಲ್ಲಿದ್ದವರೇ ಮುಂದಾಳು. ಬೆಳಗಿನ ಜಾವ ಹೊರಡುವವರು ನಾವು. ಹಿಂದಿನವರಿಗೆ ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣದು. ಮುಂದಾಳಿನ ಕಾಲಿಗೆ ಏನು ತಗಲಿದರೂ ಕೂಗಬೇಕು. “ಕಲ್ಲು, ಎಡಕ್ಕೆ!” “ಮುಳ್ಳು!” “ಗಾಜು, ನಿಲ್ಲಿ!” ಆ ಮಾತು ಒಬ್ಬರಿಂದ ಒಬ್ಬರಿಗೆ ಸಾಲಿನ ಕೊನೆಯ ತನಕ ಹೋಗುತ್ತದೆ. ಅತ್ತೆ ಹೇಳುತ್ತಿದ್ದರು: “ಮುಂದಿನ ಕಾಲು ಯೋಳ್ಬೇಕು, ಹಿಂದಿನ ಕಿವಿ ಕೇಳ್ಬೇಕು.” ಅವರ ತರುವಾಯ ನಾನು. ನನ್ನ ಕಾಲು ನಂಬಿ ಬಂದವರಿಗೆ ಬೊಬ್ಬೆ ಎದ್ದಿರಬಹುದು, ರಕ್ತ ಬಂದಿಲ್ಲ.

ಇಂಥ ಕಾಲಿಗೆ ಈ ಸಲ ಬೆಟ್ಟ ಒಂದು ಲೆಕ್ಕವೇ!

೫-೧೦-೯೭, ಭಾನುವಾರ

ಚೀಲ ಕಟ್ಟುವ ಕೆಲಸ ಶುರು. ಮೊದಲು ಎಲ್ಲ ಹಾಸಿಗೆ ಮೇಲೆ ಹರಡಿದೆ. ಎರಡು ಸೀರೆ, ಒಂದು ಹೊದಿಕೆ, ಮಳೆಗೆ ಪ್ಲಾಸ್ಟಿಕ್ ಹಾಳೆ. ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ. ವಿಭೂತಿ ಗಟ್ಟಿ. ಬೊಬ್ಬೆಗೆ ಸೂಜಿದಾರ. ಹತ್ತಿ, ಅರಿಶಿನ, ಅಮೃತಾಂಜನ್. ಬ್ಯಾಟರಿ. ಆಮೇಲೆ ಅದರಲ್ಲಿ ಇಷ್ಟಿಷ್ಟೇ ತೆಗೆದಿಡುವುದು.

ಪ್ರಸಾದ ಅಂದ, “ಅಮ್ಮ, ಈ ಸಲ ಎಲ್ಲರ ಲಗೇಜಿಗೂ ಒಂದು ಟೆಂಪೋ ಮಾಡಿದಾರಂತೆ. ಚೀಲ ಅದರಲ್ಲಿ ಹಾಕ್ಬುಡು.”

“ಚೀಲ ಟೆಂಪೋದಲ್ಲಿ, ಮನುಷ್ಯ ರಸ್ತೇಲಿ. ಅದ್ಯಾವ ಸೀಮೆ ಯಾತ್ರೆನೋ?” ಅಂದೆ.

ಆಗ ಗೇಟಿನಲ್ಲಿ ಲೂನಾ ಸದ್ದು. ಬೀಗಿತ್ತಿ ಸರೋಜಮ್ಮನವರು, ಕುವೆಂಪುನಗರದಿಂದ. ಹೆಡ್‌ಮಿಸ್ ಆಗಿದ್ದವರು ರಿಟೈರಾಗಿ ವರ್ಷ ತುಂಬಿಲ್ಲ. ಲೂನಾ ಹಿಂದೆ ಹಗ್ಗ ಬಿಗಿದ ಏರ್‌ಬ್ಯಾಗು. ಮಗಳ ಹತ್ತಿರ ಜಗಳವಾಡಿ ಬಂದರೋ ಅಂದುಕೊಂಡೆ. ಆದರೆ ಅವರ ಮಗಳು ಮಧುಶ್ರೀ ನಮ್ಮ ಮನೆಯಲ್ಲೇ ಇದ್ದಾಳಲ್ಲ.

“ದಾಕ್ಷಾಯಣಮ್ಮನೋರೇ, ಈ ಸಲ ನಾನೂ ನಡೀತೀನಿ.”

“ಎಲ್ಲಿಗೆ?”

“ಬೆಟ್ಟಕ್ಕೆ ಕಣ್ರೀ, ಇನ್ನೆಲ್ಲಿಗೆ? ಸರ್ವೀಸೆಲ್ಲಾ ಮಕ್ಕಳಿಗೆ ಮ್ಯಾಪಲ್ಲಿ ಕಡ್ಡಿ ಇಟ್ಟು ತೋರಿಸ್ದೆ. ಕಾಲಿಟ್ಟು ನೋಡಿಲ್ಲ.”

“ನೀವು ಮೊಸಾಯಿಕ್ ನೆಲದ ಮೇಲೂ ಚಪ್ಪಲಿ ಹಾಕೋರು!”

“ಅದು ಶೀತಕ್ಕೆ.”

ಏರ್‌ಬ್ಯಾಗು ತೆಗೆದರೆ ಒಂದು ಸಂಸಾರ. ಫ್ಲಾಸ್ಕು, ಬಿಸಿನೀರಿನ ಬ್ಯಾಗು, ಛತ್ರಿ, ಇಸ್ತ್ರಿ ಮಾಡಿದ ಸೀರೆಗಳು, ಮಡಿಸುವ ಸ್ಟೂಲು, ಹಿಡಿ ಇರುವ ಕನ್ನಡಿ. ಮೇಲೆ ಹೊಸಾ ಬಿಳೀ ಆ್ಯಕ್ಷನ್ ಶೂ. ಡಬ್ಬದ ಸಮೇತ.

ನಮ್ಮ ಪರೀಕ್ಷೆ ಹೇಳಿದೆ. ಚೀಲ ಹೆಗಲಿಗೆ ಹಾಕಿ ಚಕ್ಕಳಮಕ್ಕಳ ಕೂರಬೇಕು, ಏಳಬೇಕು. ಏಳುವಾಗ ಕೈ ನೆಲಕ್ಕೆ ಊರಿದರೆ ಒಂದು ಸಾಮಾನು ಹೊರಗೆ. ಸರೋಜಮ್ಮನವರು ಕೂತರು. ಏಳಲಾಗಲಿಲ್ಲ, ಬ್ಯಾಗೇ ಅವರನ್ನು ಕೂರಿಸಿಕೊಂಡಿತು. ಮಧುಶ್ರೀ ಸೆರಗು ಬಾಯಿಗೆ ಅದುಮಿಕೊಂಡು ಅಡುಗೆಮನೆಗೆ ಓಡಿದಳು. ಸ್ಟೂಲು ಹೋಯಿತು. ಫ್ಲಾಸ್ಕು ಹೋಯಿತು. ಒಂದೊಂದು ತೆಗೆದಾಗಲೂ ಮಗುವನ್ನು ಹಾಸ್ಟೆಲಿಗೆ ಬಿಟ್ಟ ಮುಖ. ಕೊನೆಗೆ ಕೈ ಊರದೆ ಎದ್ದರು. ಕನ್ನಡಿ ಮಾತ್ರ ಉಳಿಯಿತು.

“ಅದ್ಯಾಕೆ ಬೇಕು?” ಅಂದೆ.

“ಬೆಳಿಗ್ಗೆ ಎದ್ದು ನನ್ನ ಮುಖ ನಾನು ನೋಡ್ಕೊಳ್ದೆ ದೇವರ ಮುಖಾನೂ ನೋಡೊಲ್ಲ. ಇದೊಂದ್ ಬಿಟ್ಬುಡ್ರೀ.”

ಬಿಟ್ಟೆ. ಶೂ ಬಿಡಲಿಲ್ಲ. ಹಾಲ್‌ನಲ್ಲೇ ಕಳಚಿಸಿದೆ. ಪಾದ ಎಷ್ಟು ಮೆದು ಅಂತೀಯ! ಆಗತಾನೇ ಸ್ನಾನ ಮಾಡಿಸಿದ ಕೂಸಿನ ಪಾದದ ಹಾಗೆ. ಈ ಕಾಲು ದಾರಿಯ ಮೊದಲ ಊರು ವರುಣದ ತನಕವೂ ಬಾರದು.

೮-೧೦-೯೭

ಕುವೆಂಪುನಗರಕ್ಕೆ ಹೋಗಿದ್ದೆ, ಸರೋಜಮ್ಮನವರಿಗೆ ಬರಿಗಾಲ ಪಾಠ. ಅವರ ಮನೆ ಮುಂದಿನ ರಸ್ತೆಯಲ್ಲಿ. “ಅಯ್ಯೋ ಕಲ್ಲು! ಅಯ್ಯೋ ಬೇವಿನ ಬೀಜ! ಅಯ್ಯೋ ಇದೇನೋ ಚುರುಕ್ ಅಂತು!” ಅವರು ಬೀದಿಗೇ ಪ್ರಚಾರ ಮಾಡಿಕೊಂಡು ನಡೆದರು. ಕಾಂಪೌಂಡಿನ ಮೇಲೆ ತಲೆಗಳು.

ಮಧ್ಯಾಹ್ನದ ಹೊತ್ತು, ಟಾರು ಕಾದಿತ್ತು. ಅವರು ನೆರಳಿಂದ ನೆರಳಿಗೆ ಹಾರುತ್ತಿದ್ದರು. ನಾನು ನಡುರಸ್ತೆಯಲ್ಲಿ ನಿಂತು, “ಹೆಜ್ಜೆ ಪೂರ್ತಿ ಊರಿ” ಅಂತ ಹೇಳುತ್ತಿದ್ದೆ.

“ನಿಮಗೆ ಸುಡ್ತಿಲ್ವೇನ್ರೀ?”

“ಈ ಕಾಲು ತಪಸ್ಸು ಮಾಡಿದೆ.”

ನಕ್ಕಾರು ಅಂದುಕೊಂಡೆ. ನಗಲಿಲ್ಲ. ನನ್ನ ಪಾದವನ್ನೇ ನೋಡಿದರು. “ಚುಚ್ಚೋದು, ಸುಡೋದು ಗೊತ್ತಾಗುತ್ತೆ ತಾನೇ ನಿಮಗೆ?”

“ಗೊತ್ತಾಗದೆ ಏನು? ಲೆಕ್ಕಕ್ಕೆ ಇಡಲ್ಲ, ಅಷ್ಟೆ.”

“ಶುಗರ್ ಮಾತ್ರೆ ಸರಿಯಾಗಿ ತಗೋತಿದೀರ?”

ಮೇಡಂಗಳ ಬುದ್ಧಿ. ಎಲ್ಲಿದ್ದರೂ ಹೋಂವರ್ಕ್ ಕೇಳುತ್ತಾರೆ. ಮಾತ್ರೆ ತಗೊಳ್ಳುತ್ತೇನೆ, ನೆನಪಾದಾಗ. ನನ್ನ ಅಂಗಾಲಿಗೂ ಉರಿ ಇದ್ದಾಗ ಚೆನ್ನಾಗಿ ನೆನಪಾಗುತ್ತಿತ್ತು. ಈಗ ನನಗೂ ನಿನ್ನ ಹಾಗೆಯೇ ಉರಿ ನಿಂತಿದೆಯಲ್ಲ.

೧೨-೧೦-೯೭, ಭಾನುವಾರ, ಬೆಳಿಗ್ಗೆ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೂ ಬರೆಯುತ್ತೇನೆ.

ನಿನ್ನೆ ವಿಜಯದಶಮಿ, ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಮುಗಿದು ಜನ ಕರಗುವಾಗ ಬಹಳ ಹೊತ್ತಾಗಿತ್ತು. ಇವತ್ತು ನಸುಕಿನಲ್ಲಿ ತಂಡದ ಅಭ್ಯಾಸದ ನಡಿಗೆ, ಮೈದಾನ ಸುತ್ತಿ ಬರುವುದು. ರಸ್ತೆ ತುಂಬ ಕಡಲೆಕಾಯಿ ಸಿಪ್ಪೆ, ಪೇಪರು, ಸೋಡಾ ಬಾಟಲಿ. ಮುಂದೆ ನಾನು, ಗೆಜ್ಜೆ ಬೆತ್ತ. ಹಿಂದೆ ಕಾಳಯ್ಯ. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಕಾಳಯ್ಯ ಯಾವಾಗಲೂ ನನ್ನ ಬೆನ್ನಿಗೇ. ಕೆಳಗೆ ನೋಡುವುದೇ ಇಲ್ಲ, ಮಾದಪ್ಪನ ಪದ ಹೇಳಿಕೊಂಡು ಆಕಾಶ ನೋಡಿ ನಡೆಯುತ್ತಾನೆ. ಕೆಳಗೆ ನೋಡಲು ನಾನಿದ್ದೇನಲ್ಲ.

ಪದ ನಿಂತಿತು. ತಿರುಗಿ ನೋಡಿದರೆ ಕೂತುಬಿಟ್ಟಿದ್ದಾನೆ. ಬ್ಯಾಟರಿ ಬಿಟ್ಟರು. ಹಿಮ್ಮಡಿಯಲ್ಲಿ ಗಾಜು, ರಕ್ತ.

“ಅವ್ವಾರೇ, ನೀವು ಕೂಗ್ನಿಲ್ಲ” ಅಂದ. ತಪ್ಪು ಹೊರಿಸುವ ದನಿಯಲ್ಲ. ಬಸ್ಸು ಬರಲಿಲ್ಲ ಅನ್ನುವ ಹಾಗೆ.

“ನನ್ನ ಕಾಲಿಗೆ ಸಿಗಲಿಲ್ಲ ಕಣೋ” ಅಂದೆ.

ಸರೋಜಮ್ಮನವರು ಬ್ಯಾಟರಿ ತಗೊಂಡು ನನ್ನ ಕಾಲಿಗೆ ಬಿಟ್ಟರು. “ಎತ್ತಿ.” ಎತ್ತಿದೆ. ಅದೇ ಗಾಜಿನ ಇನ್ನೊಂದು ಚೂರು, ನನ್ನ ಎಡ ಹಿಮ್ಮಡಿಯ ಗಟ್ಟಿ ಚರ್ಮದಲ್ಲಿ ನಿಂತಿದೆ. ಅದರ ಮೇಲೇ ನಡೆದು ಬಂದಿದ್ದೇನೆ. ಸುತ್ತ ರಕ್ತ ಕಪ್ಪಗೆ ಕಟ್ಟಿದೆ.

ನನಗೆ ಗೊತ್ತಾಗಲೇ ಇಲ್ಲ, ಚಂದ್ರಾ.

ಕಾಳಯ್ಯ ಕುಂಟಿಕೊಂಡು ಎದ್ದು ನನಗೇ ಸಮಾಧಾನ ಹೇಳಿದ: “ಓಗ್ಲಿ ಬುಡಿ ಅವ್ವಾ, ಕತ್ಲು.” ಶಿವಮಲ್ಲಪ್ಪನವರು — ತಂಡದ ಹಿರಿಯರು, ಎಲ್ಲರ ಮುಡಿಪು ಕಟ್ಟಿಕೊಂಡು ಬರುವವರು — ಬೆತ್ತದ ಕಡೆ ಒಂದು ಸಲ ನೋಡಿದರು.

೧೫-೧೦-೯೭

ಮೂರು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ ಅಂತಲ್ಲ.

ಸರೋಜಮ್ಮನವರೇ ಲೂನಾ ಹಿಂದೆ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದರು. ಅವರ ಶಿಷ್ಯೆಯಂತೆ ಆ ಡಾಕ್ಟರಮ್ಮ. ಗಾಯ ತೊಳೆದು ಕಟ್ಟಿದರು, ಆಮೇಲೆ ಮಲಗಿಸಿ, “ಕಣ್ಣು ಮುಚ್ಕೊಳಿ ಅಜ್ಜಿ. ಹತ್ತೀಲಿ ಅಂಗಾಲು ಮುಟ್ತೀನಿ. ಗೊತ್ತಾದಾಗೆಲ್ಲ ಹೂಂ ಅನ್ನಿ” ಅಂದರು.

ಕಣ್ಣು ಮುಚ್ಚಿದೆ. ಕಾದೆ. ಫ್ಯಾನಿನ ಸದ್ದು. ಹೊರಗೆ ಯಾವುದೋ ಮಗು ಅಳುತ್ತಿತ್ತು. ಕಾದು ಕಾದು, “ಇನ್ನೂ ಶುರು ಮಾಡ್ಲಿಲ್ವೇನಮ್ಮ?” ಅಂದೆ.

“ಮುಗೀತು ಅಜ್ಜಿ.”

ಕಣ್ಣು ಬಿಟ್ಟರೆ ಸರೋಜಮ್ಮನವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನನ್ನ ಮುಖ ನೋಡಬಾರದು ಅಂತ.

ಶುಗರ್ ಏರಿ ನರ ಸತ್ತಿದೆಯಂತೆ. ಗಟ್ಟಿ ಆದದ್ದಲ್ಲ, ಕಿವುಡಾದದ್ದು. ಉರಿ ನಿಂತದ್ದು ವಾಸಿಯಾಗಿ ಅಲ್ಲ. ಉರಿ ಹೇಳುವ ನರವೇ ಬಾಯಿ ಮುಚ್ಚಿತು. “ಇನ್ಮೇಲೆ ಬರಿಗಾಲು ಮನೆಯೊಳಗೂ ಬೇಡ. ಬೆಟ್ಟ ಈ ವರ್ಷ ಮರೆತುಬಿಡಿ. ಗಾಯ ಕೆಟ್ಟರೆ ಕಾಲೇ ಹೋಗುತ್ತೆ.”

“ಚಪ್ಪಲಿ ಹಾಕಿ ನಡೆದರೆ?”

“ಮೊದಲು ಗಾಯ ಒಣಗಲಿ. ಶುಗರ್ ಇಳೀಲಿ. ಇಪ್ಪತ್ನಾಲ್ಕಕ್ಕೆ ಬನ್ನಿ, ನೋಡೋಣ. ಏನೂ ಪ್ರಾಮಿಸ್ ಮಾಡಲ್ಲ.”

ಒಂದು ಚೀಟಿ ಬರೆದುಕೊಟ್ಟರು. ಮೆತ್ತಗಿನ ರಬ್ಬರಿನ ಚಪ್ಪಲಿ, ಹಿಂದೆ ಪಟ್ಟಿ ಇರಬೇಕು. ಪಟ್ಟಿ ಯಾಕೆ ಅಂದೆ. “ಕಳಚಿ ಬಿದ್ದರೂ ನಿಮಗೆ ತಿಳಿಯೊಲ್ಲ, ಅದಕ್ಕೆ.”

ಇಪ್ಪತ್ತೈದಕ್ಕೆ ತಂಡ ಹೊರಡುತ್ತದೆ.

೧೬-೧೦-೯೭

ಅತ್ತು ಮುಗಿಯಿತು. ಬೆಳಿಗ್ಗೆ ಲಿಂಗಪೂಜೆ ಮಾಡಿ ಮಾತ್ರೆ ನುಂಗಿದೆ. ಸಕ್ಕರೆ ಡಬ್ಬ ಮಧುಶ್ರೀ ಕೈಗೆ ಕೊಟ್ಟೆ. ನಡೆಯುವುದನ್ನು ಬಿಡುವವಳಲ್ಲ ನಾನು. ಮುಂದೆ ನಡೆಯುವುದನ್ನು ಬಿಡುತ್ತೇನೆ. ಎರಡೂ ಒಂದೇ ಅಲ್ಲ.

ಆದರೆ ಬೆತ್ತ ಯಾರ ಕೈಗೆ?

೧೯-೧೦-೯೭, ಭಾನುವಾರ

ಇವತ್ತು ಶಿವಮಲ್ಲಪ್ಪನವರ ಜಗಲಿಯಲ್ಲಿ ತಂಡ ಸೇರಿತ್ತು. ಹೊಸ ಚಪ್ಪಲಿ ಹಾಕಿಕೊಂಡೇ ಹೋದೆ. ಕಪ್ಪಗೆ, ದಪ್ಪಗೆ, ಎರಡು ಇಡ್ಲಿ ತಟ್ಟೆ ಕಟ್ಟಿಕೊಂಡ ಹಾಗೆ. ಎಲ್ಲರ ಕಣ್ಣೂ ಕೆಳಗೆ. ಮೆಟ್ಟಿಲ ಬಳಿ ಬಿಟ್ಟು, ದಪ್ಪ ಕಾಲುಚೀಲದಲ್ಲಿ ಮೇಲೆ ಹತ್ತಿದೆ.

ಶಿವಮಲ್ಲಪ್ಪನವರು ಶುರುಮಾಡಿದರು. “ದಾಕ್ಷಾಯಣವ್ವ, ಮೆಟ್ಟು ಮೆಟ್ಕಂಡು ಮಾದಪ್ಪನ ತಾವು ಓಗೋದಾದ್ರೆ ಬಸ್ಸು ಬುಟ್ಟವ್ರಲ್ಲ, ಅದರಲ್ಲೇ ಓಗ್ಬೋದಲ್ವ?”

“ಮಾದಪ್ಪ ಹುಲಿ ಮೇಲೆ ಹೋದವನು ಕಣಣ್ಣ. ಅವನೂ ನೆಲ ಮುಟ್ಟಲಿಲ್ಲ” ಅಂದೆ.

ಕಾಳಯ್ಯ ಗೊಳ್ಳನೆ ನಕ್ಕ. ಹಿಮ್ಮಡಿಗೆ ಇನ್ನೂ ಪಟ್ಟಿ, ನಗುವಿಗೇನೂ ಕಡಿಮೆಯಿಲ್ಲ. ಶಿವಮಲ್ಲಪ್ಪನವರ ಮೀಸೆಯೂ ಅಲುಗಿತು.

ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಕಾಲಿಗೆ ಕಿವಿ ಹೋಗಿದೆ; ಈ ಕಾಲನ್ನು ನಂಬಿ ಯಾರೂ ನಡೆಯಬೇಡಿ. ಬೆತ್ತ ಜಗಲಿಯ ನಡುವೆ ಇಟ್ಟೆ. ಇಡುವಾಗ ಗೆಜ್ಜೆ ಗಲ್ಲೆಂದಿತು. ಆ ಸದ್ದು ನಿಲ್ಲುವ ತನಕ ಬೆತ್ತದಿಂದ ಕೈ ತೆಗೆಯಲಿಲ್ಲ.

“ಬುಡು, ನಾನು ಓಯ್ತೀನಿ ಮುಂದೆ” ಅಂತ ಶಿವಮಲ್ಲಪ್ಪನವರು ಕೈ ಚಾಚಿದರು.

“ತಾಳಿ ಅಣ್ಣ. ಕಾಲಿಗೊಂದು ಪರೀಕ್ಷೆ.”

ಡಾಕ್ಟರಮ್ಮನ ವಿದ್ಯೆಗೆ ನಮ್ಮ ಒಗ್ಗರಣೆ. ಎಲ್ಲರನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಕಣ್ಣು ಮುಚ್ಚಿ, ಒಂದು ಕಾಲು ಎತ್ತಬೇಕು. ಅಂಗಾಲಿನ ಕೆಳಗೆ ಒಂದು ಕಾಳು ಇಡುತ್ತೇನೆ, ಇಡದೆಯೂ ಇರುತ್ತೇನೆ. ಕಾಲೂರಿ, ಇದೆಯೋ ಇಲ್ಲವೋ ಹೇಳಬೇಕು. ದೊಡ್ಡವರೆಲ್ಲ ಕೊಕ್ಕರೆಗಳ ಹಾಗೆ ಸಾಲಾಗಿ ನಿಂತರು. ದಾರಿಹೋಕರು ಸೈಕಲ್ ಇಳಿದು ನೋಡಿದರು.

ಕಾಳಯ್ಯ ಕಡಲೆ ಕಂಡುಹಿಡಿದ, ರಾಗಿ ಬಿಟ್ಟ. ಶಿವಮಲ್ಲಪ್ಪನವರ ಕಾಲಡಿ ಕಡಲೆ ಇಟ್ಟೆ.

“ಇಲ್ಲ” ಅಂದರು. ಗಟ್ಟಿಯಾಗಿ.

ಇನ್ನೊಂದು ಸಲ. “ಇಲ್ಲ ಅಂದ್ನಲ್ಲ!”

ಯಾರೂ ನಗಲಿಲ್ಲ. ಕಣ್ಣು ಬಿಟ್ಟು, ಕಾಲೆತ್ತಿ ನೋಡಿ, ಕಡಲೆಯನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆ ನೋಟ ಎಂಥದ್ದು ಅಂತ ನನಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ.

ಕೊನೆಗೆ ಸರೋಜಮ್ಮನವರು. ಅವರಿಗೆ ಕಡಲೆಯನ್ನೇನು ಇಡುವುದು! ರಾಗಿಯನ್ನೂ ಬಿಟ್ಟು ಒಂದು ಸಾಸಿವೆ ಇಟ್ಟೆ.

“ಅಯ್ಯೋ! ಇದೆ. ಹೆಬ್ಬೆರಳಿನ ಬುಡದಲ್ಲಿ. ರಾಗಿ ಅಲ್ಲ, ಉರುಳುತ್ತೆ... ಸಾಸಿವೆ ಏನ್ರೀ?”

ಜಗಲಿ ಹೋ ಅಂದಿತು. ಬೆತ್ತ ಎತ್ತಿ ಅವರ ಕೈಗೆ ಕೊಟ್ಟೆ. “ಮೇಡಂ, ಬೀದಿಯೆಲ್ಲಾ ಅಯ್ಯೋ ಅಂತಿದ್ರಲ್ಲ. ಅದನ್ನೇ ಮಾಡಿ. ಇನ್ನೂ ಗಟ್ಟಿಯಾಗಿ.”

“ನಾನಾ? ನನ್ನ ಕಾಲು ನಿಮ್ಮ ಹಾಗೆ ಗಟ್ಟಿ ಇಲ್ವಲ್ರೀ.”

“ಅದಕ್ಕೇ.”

ಬರುವಾಗ ಶಿವಮಲ್ಲಪ್ಪನವರು ಗೇಟಿನ ತನಕ ಬಂದರು. ಅತ್ತ ಇತ್ತ ನೋಡಿ, “ಆ ಡಾಕ್ಟ್ರಮ್ಮನ ಆಸ್ಪತ್ರೆ ಎಲ್ಲಿ ಬರುತ್ತವ್ವ?” ಅಂದರು. ಮೆಲ್ಲಗೆ.

೨೨-೧೦-೯೭

ಚಪ್ಪಲಿಗೆ ನಾನು ಹದವಾಗುತ್ತಿದ್ದೇನೆ. ಡಾಕ್ಟರಮ್ಮ ಹೇಳಿದಂತೆ ಮೊದಲು ಸ್ವಲ್ಪ ಹೊತ್ತು, ತೆಗೆದು ಪಾದ ನೋಡುವುದು, ಕೆಂಪಾಗಿದ್ದರೆ ನಿಲ್ಲಿಸುವುದು. ಒಳಗೆ ಕೈ ಹಾಕಿ ಕಲ್ಲುಗಿಲ್ಲು ಇದೆಯಾ ನೋಡಿಯೇ ಮೆಟ್ಟುವುದು. ಕಾಲು ಹೇಳುವುದಿಲ್ಲ, ಕೈಯನ್ನೇ ಕೇಳಬೇಕು.

ಅಂಗಾಲು ದಿನಾ ನೋಡಿಸಿಕೊಳ್ಳಬೇಕಂತೆ. ನನಗೆ ಬಗ್ಗಿದರೂ ಅಂಗಾಲು ಪೂರ್ತಿ ಕಾಣದು. ಸರೋಜಮ್ಮನವರು ಚೀಲದಿಂದ ಆ ಕನ್ನಡಿ ತೆಗೆದರು, ನನ್ನ ಕಾಲಡಿ ಹಿಡಿದರು. ನಾನು ಕಾಲೆಳೆದುಕೊಂಡೆ. ಬೀಗಿತ್ತಿಯ ಕೈಲಿ ಕಾಲು ಮುಟ್ಟಿಸಿಕೊಳ್ಳುವುದೇ! ಹೆಣ್ಣು ಕೊಟ್ಟ ಮನೆಯವರು ಅವರು.

“ನಾಚ್ಕೋಬೇಡ್ರೀ. ಮಕ್ಕಳ ಉಗುರು ನೋಡಿ ನೋಡಿ ಅಭ್ಯಾಸ. ತೋರಿಸಿ, ಇಲ್ಲಾಂದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ.”

ಮಧುಶ್ರೀ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಜ್ಜಿಗೆ ತಂದಳು, ಇಬ್ಬರಿಗೂ.

ಕನ್ನಡಿಯಲ್ಲಿ ಗಾಯ ಸಣ್ಣಗಾಗಿತ್ತು.

೨೪-೧೦-೯೭, ಶುಕ್ರವಾರ

ಗಾಯ ಒಣಗಿದೆ! ಶುಗರ್ ಇಳಿದಿದೆ, ಪೂರ್ತಿ ಅಲ್ಲ. ಡಾಕ್ಟರಮ್ಮ ಹಿಂದೆ ಮುಂದೆ ನೋಡಿದರು. ಕೊನೆಗೆ ಕರಾರು: ಬೆಳಗಿನ ತಂಪಿನಲ್ಲಿ ಮಾತ್ರ ನಡಿಗೆ, ಬಿಸಿಲೇರಿದರೆ ಟೆಂಪೋ. ದಿನಾ ಕನ್ನಡಿ. ಕೆಂಪು ಕಂಡರೆ ಅಲ್ಲಿಂದಲೇ ವಾಪಸ್. ಸರೋಜಮ್ಮನವರನ್ನು ಸಾಕ್ಷಿ ಮಾಡಿಕೊಂಡು ಹೂಂ ಅನ್ನಿಸಿದರು.

ಟೆಂಪೋ ಅಂದಾಗ ಪ್ರಸಾದ ಮುಖ ತಿರುಗಿಸಿಕೊಂಡು ನಕ್ಕ. ನಗಲಿ.

ಚೀಲ ಮತ್ತೆ ಬಿಚ್ಚಿ ಕಟ್ಟಿದೆ. ಬೆಲ್ಲ ಹೊರಗೆ, ಮಾತ್ರೆ ಒಳಗೆ. ಬಿಳೀ ಹತ್ತಿ ಕಾಲುಚೀಲ — ರಕ್ತ ಬಂದರೆ ಕಾಣಲಿ ಅಂತ ಬಿಳಿ. ಟಿಂಚರು, ಗಾಯಕ್ಕೆ ಸುತ್ತುವ ಬಟ್ಟೆ, ಎಲ್ಲರಿಗೂ ಆಗುವಷ್ಟು. ನಾನೀಗ ಹಿಂದಾಳು. ಸಾಲಿನ ಕೊನೆಯಲ್ಲಿ ನಡೆದು, ಕುಂಟಿದವರನ್ನು ಹಿಡಿದು ಕೂರಿಸಿ, ಪಾದ ನೋಡುವ ಕೆಲಸ. ಇಂಥ ಹುದ್ದೆ ನಮ್ಮ ತಂಡದಲ್ಲಿ ಇರಲೇ ಇಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಚೀಲ ಹೆಗಲಿಗೆ ಹಾಕಿ ಕೂತೆ, ಎದ್ದೆ. ಕೈ ಊರಲಿಲ್ಲ.

೨೫-೧೦-೯೭, ಮಧ್ಯಾಹ್ನ, ತಿ. ನರಸೀಪುರ

ಟೆಂಪೋದಲ್ಲಿ ಮುಂಚೆ ಬಂದುಬಿಟ್ಟೆ. ಛತ್ರದ ಜಗಲಿ. ಉಳಿದವರು ಇನ್ನೂ ದಾರಿಯಲ್ಲಿ.

ಬೆಳಿಗ್ಗೆ “ಉಘೇ ಮಾದಪ್ಪ” ಅಂದು ಬನ್ನಿಮಂಟಪ ಬಿಟ್ಟೆವು. ನನ್ನ ಜೀವಮಾನದಲ್ಲಿ ಮೊದಲ ಸಲ ಸಾಲಿನ ಎಲ್ಲರ ಬೆನ್ನೂ ನೋಡಿದೆ. ಮುಂದೆ ಇದ್ದಾಗ ರಸ್ತೆ ಮಾತ್ರ ಕಾಣುತ್ತಿತ್ತು. ಯಾರು ಎಡಕ್ಕೆ ವಾಲುತ್ತಾರೆ, ಯಾರ ಚೀಲದ ಪಟ್ಟಿ ಉದ್ದ, ಯಾರು ಆಗಲೇ ಬಳಲಿದ್ದಾರೆ — ಎಲ್ಲ ಹಿಂದಿನಿಂದಲೇ ಕಾಣುವುದು.

ಸರೋಜಮ್ಮನವರ ಗಂಟಲಿಗೆ ಬಿಡುವಿಲ್ಲ. “ಕಲ್ಲು!” “ಸಣ್ಣ ಕಲ್ಲು!” “ತೇವ!” “ಸೆಗಣಿ, ಹಸೀದು!”

ಶಿವಮಲ್ಲಪ್ಪನವರು ನಡುವಿನಿಂದ ಕೂಗಿದರು, “ಮೇಡಮ್ಮಾರೇ, ಧೂಳು ಬಂದ್ರೂ ಯೋಳ್ಬುಡಿ!”

“ಬಂತು ನೋಡಿ, ಧೂಳು!”

ಶಿವಮಲ್ಲಪ್ಪನವರ ಕಾಲಲ್ಲಿ ಹೊಸಾ ಕಪ್ಪು ಚಪ್ಪಲಿ. ಹಿಂದೆ ಪಟ್ಟಿ ಇದೆ.

ವರುಣ ದಾಟಿ ಬಿಸಿಲೇರಿತು. ಟೆಂಪೋ ಹತ್ತಿದೆ. ಹತ್ತುವಾಗ ಸ್ವಲ್ಪ ಸಂಕಟ. ಸರೋಜಮ್ಮನವರ ಕಾಲು ವರುಣದ ತನಕವೂ ಬಾರದು ಅಂದಿದ್ದೆನಲ್ಲ. ಅವರು ಮುಂದಕ್ಕೆ ನಡೆದೇ ಹೋದರು.

೨೭-೧೦-೯೭, ಸೋಮವಾರ, ಹನೂರು

ನಿನ್ನೆ ಕೊಳ್ಳೇಗಾಲದಲ್ಲಿ ಮಳೆ. ಪ್ಲಾಸ್ಟಿಕ್ ಹಾಳೆ ಹೊದ್ದು ಕೂತದ್ದು, ಬರೆಯಲಾಗಲಿಲ್ಲ.

ಇವತ್ತು ಬೆಳಿಗ್ಗೆ, ಇನ್ನೂ ಮಬ್ಬು. ಕಾಳಯ್ಯ ಆಕಾಶ ನೋಡಿಕೊಂಡು ಪದ ಹೇಳುತ್ತಿದ್ದ. ಮುಂದಿನಿಂದ “ನಿಲ್ಲಿ!” ಅಂತ ಒಂದು ದನಿ. ಈ ಸಲ ಅಯ್ಯೋ ಇಲ್ಲ. ಹೆಡ್‌ಮಿಸ್ ದನಿ. ಸಾಲು ನಿಂತಿತು, ಕಾಳಯ್ಯನ ಒಂದು ಕಾಲು ಗಾಳಿಯಲ್ಲೇ ನಿಂತಿತು. ಬ್ಯಾಟರಿ ಬಿಟ್ಟು ನೋಡಿದರೆ ಮಳೆಗೆ ಬೇಲಿ ಬಿದ್ದು ಮುಳ್ಳುತಂತಿ ರಸ್ತೆಗೆ ಅಡ್ಡ. ಕೆಸರಿನೊಳಗೆ, ಮುಳ್ಳು ಮೇಲಾಗಿ.

ಸರೋಜಮ್ಮನವರ ಹೆಬ್ಬೆರಳಿನ ತುದಿಗೆ ತಗಲಿತ್ತು, ಸಾಸಿವೆಯಷ್ಟು ರಕ್ತ. ನಾನು ಹಿಂದಿನಿಂದ ಓಡಿದೆ. ಕೂರಿಸಿ, ಅವರ ಪಾದ ನನ್ನ ಮಡಿಲಿಗೆ ಎಳೆದುಕೊಂಡು ಟಿಂಚರು ಹಚ್ಚಿದೆ.

“ಏನ್ರೀ, ಬೀಗಿತ್ತಿ ಕಾಲು ಮುಟ್ತಿದೀರ?” ಅಂದರು.

“ನಾನು ಹಿಂದಾಳು. ನನ್ನ ಡ್ಯೂಟಿ.”

ಕಾಳಯ್ಯ ತಂತಿ ದಾಟಿ ನಿಂತು ಅದನ್ನೇ ನೋಡುತ್ತಿದ್ದ. “ಮೇಡಮ್ಮಾರೇ, ನೀವು ಕೂಗಿದ್ರಿ” ಅಂದ. ಅಷ್ಟೇ. ಪದ ಬಿಟ್ಟಲ್ಲಿಂದ ಶುರುಮಾಡಿದ.

ನಾನು ನಾಲ್ಕು ಹೆಜ್ಜೆ ಹಿಂದಿನಿಂದ ಬೆತ್ತ ನೋಡಿದೆ, ಅವರ ಕೈಯಲ್ಲಿ. ಚೆನ್ನಾಗಿತ್ತು ಚಂದ್ರಾ. ಅತ್ತೆ ಇದ್ದಿದ್ದರೂ ಅಲ್ಲಿಗೇ ಕೊಡುತ್ತಿದ್ದರು.

ಕನ್ನಡಿಯಲ್ಲಿ ನನ್ನ ಪಾದ ಶುಭ್ರ. ಬೆಟ್ಟ ಮುಟ್ಟುತ್ತೇನೆ, ಅನುಮಾನವಿಲ್ಲ.

ಈಗ ನಿನ್ನ ಮಾತು. ನಿನ್ನ ಉರಿ ನಿಂತಿತು ಅಂತ ಬರೆದಾಗ ಸಂತೋಷವಾಯಿತು ಅಂತ ಕಾಗದ ಹಾಕಿದೆನಲ್ಲ, ಅದನ್ನು ಒಲೆಗೆ ಹಾಕು. ನನ್ನ ಉರಿ ನಿಂತದ್ದು ವಾಸಿಯಾಗಿ ಅಲ್ಲ, ಶುಗರಿಗೆ ನರ ಸತ್ತು. ಡೈರಿಯ ಈ ಹಾಳೆ ಹರಿದು ಕವರಿಗೆ ಹಾಕುತ್ತಿದ್ದೇನೆ. ಇವತ್ತೂ ಟೆಂಪೋದಲ್ಲಿ ಮುಂಚೆ ಬಂದು ಕೂತಿದ್ದೇನೆ, ಪೋಸ್ಟಾಫೀಸು ಎದುರಿಗೇ ಇದೆ. ಇದು ಕೈ ಸೇರಿದ ಕೂಡಲೇ ಕಣ್ಣು ಮುಚ್ಚಿ ಮಲಗು. ಲಾಸ್ಯಳ ಕೈಗೆ ಹತ್ತಿ ಕೊಡು. ಅಂಗಾಲು ಮುಟ್ಟುತ್ತಾ ಹೋಗಲಿ — ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ. ಅವಳು ಕಚಗುಳಿ ಇಡುತ್ತಾಳೆ, ಇಡಲಿ. ನಿನಗೆ ನಗು ಬರಬೇಕು. ಬಾರದಿದ್ದರೆ ಮೃತ್ಯುಂಜಯನವರನ್ನು ಕರೆದುಕೊಂಡು ಅವತ್ತೇ ಡಾಕ್ಟರ ಹತ್ತಿರ ಹೋಗು. ನನ್ನ ಹಾಗೆ ಲೆಕ್ಕಕ್ಕೆ ಇಡಲ್ಲ ಅನ್ನಬೇಡ. ಮನೆಯೊಳಗೂ ಚಪ್ಪಲಿ ಹಾಕಿಕೋ, ಯಾರು ನಕ್ಕರೂ ಸರಿ.

ಗೆಜ್ಜೆ ಸದ್ದು. ಬಂದರು. “ಮೆಟ್ಟಿಲು! ಎರಡನೇದು ಒಡೆದಿದೆ!” ಅಂತ ಕೂಗುತ್ತಿದ್ದಾರೆ. ಮಜ್ಜಿಗೆ ಕೊಡಬೇಕು, ಪಾದಗಳನ್ನು ನೋಡಬೇಕು.

ಬೇಗ ಬರೆ ಚಂದ್ರಾ. ಕೆಮ್ಮು, ಹಲ್ಲು ಎಲ್ಲ ಆಮೇಲೆ. ನಾನು ಮೈಸೂರಿಗೆ ಬರುವಷ್ಟರಲ್ಲಿ ನಿನ್ನ ಕಾಗದ ಬಂದು ಕೂತಿರಲಿ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಬರೆ. ಮೊದಲು ಎಡಗಾಲು, ಹಿಮ್ಮಡಿ ಹತ್ತಿರ, ಅಲ್ಲಿ ಹತ್ತಿ ತಗಲಿದಾಗ ನಿನಗೆ ಗೊತ್ತಾಯಿತೇ?